ಕಂಪೆನಿ ಬಳಿಯದ ಹಸಿರು

ಆ ಹಸಿರು ಯಾವ ಹಸಿರು ಎಂಬುದನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಗಿಳಿಹಸಿರು ಎಂದು ಇಷ್ಟು ವರ್ಷ ಹೇಳುತ್ತ ಬಂದೆ. ಮೊನ್ನೆ ಬಳೆ ಅಂಗಡಿಯ ಮುಂದೆ ನಿಂತಾಗ, ಅಲ್ಲಿ ತೂಗುಹಾಕಿದ್ದ ಹತ್ತಾರು ಬಗೆಯ ಹಸಿರಿನಲ್ಲಿ ಇದೇ ಅದು ಎಂದು ಬೆರಳಿಟ್ಟು ತೋರಿಸಲು ನನಗಾಗಲಿಲ್ಲ. ವರ್ಷವೂ ಖಚಿತವಿಲ್ಲ. ನಮ್ಮ ಆದೋನಿ ಮದರಾಸು ರಾಜ್ಯ ಬಿಟ್ಟು ಆಂಧ್ರಕ್ಕೆ ಸೇರಿ ಒಂದು ಬೇಸಿಗೆ ಕಳೆದಿತ್ತೋ, ಎರಡೋ. ಆಗಲೂ ನಾನು ಡೈರಿ ಬರೆಯುತ್ತಿದ್ದೆ. ಆದರೆ ಆ ವಾರದ ಪುಟಗಳಲ್ಲಿ ಇರುವುದು ಬಿಸಿಲು, ತಲೆನೋವು ಮತ್ತು ಪರೀಕ್ಷೆಯ ಫಲಿತಾಂಶದ ಭಯ. ಕಾರಿನ ಬಗ್ಗೆ ಒಂದಕ್ಷರವೂ ಇಲ್ಲ. ಹೀಗಾಗಿ ಇಲ್ಲಿ ಬರೆಯುತ್ತಿರುವುದು ಸಿಟ್ಟು ಕಾದಿಟ್ಟುಕೊಂಡ ನೆನಪು. ಸಿಟ್ಟು ಯಾವುದನ್ನೂ ಇದ್ದ ಹಾಗೆ ಇಡುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಕಾರು ಹಸಿರಾಗಿತ್ತು. ಅಷ್ಟರಲ್ಲಿ ನನಗೆ ಸಂದೇಹವಿಲ್ಲ.

ಕಾರು ನನ್ನ ಸೋದರತ್ತೆಯದು. ಅಪ್ಪ ಸರಕಾರಿ ನೌಕರಿಯ ಮೇಲೆ ಊರೂರು ಅಲೆಯುತ್ತಿದ್ದುದರಿಂದ ನಾನು ಬೆಳೆದದ್ದು ಆದೋನಿಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಅವರದು ಹತ್ತಿಯ ದಲಾಲಿ ಅಂಗಡಿ. ಅತ್ತೆ ಅವರ ಅಕ್ಕ. ಪೆದ್ದಹರಿವಾಣಂನ ದೊಡ್ಡ ಮನೆಗೆ ಸೊಸೆಯಾಗಿ ಹೋಗಿ, ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಹೊಲ, ಮನೆ, ಎತ್ತು, ಬಾವಿ ಎಲ್ಲವನ್ನೂ ಮೈದುನರು ಇಟ್ಟುಕೊಂಡರು. ಕಾರನ್ನು ಮಾತ್ರ ಆಕೆಯ ಹಿಂದೆ ಕಳಿಸಿಕೊಟ್ಟರು. ಆಗಲೇ ಅದು ಹಳೆಯದಾಗಿತ್ತು, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೂ ಹತ್ತು ಸಲ ಕೆಮ್ಮಿ ಆಮೇಲೆ ಏಳುತ್ತಿತ್ತು. ಬೇಡವಾದದ್ದು ಎರಡನ್ನೂ ಒಟ್ಟಿಗೆ ಕಳಿಸಿದರು ಎಂದು ಅತ್ತೆಯೇ ನಗುತ್ತ ಹೇಳುತ್ತಿದ್ದಳು. ನನಗೆ ಅದರಲ್ಲಿ ನಗುವಂಥದ್ದು ಏನೂ ಕಂಡಿರಲಿಲ್ಲ, ಈಗಲೂ ಕಾಣುವುದಿಲ್ಲ.

ಕಾರು ಅಮೆರಿಕದ ಒಂದು ಕಂಪೆನಿಯದು. ಮೇಲೆ ಮಡಚುವ ಕ್ಯಾನ್ವಾಸ್ ಟಾಪು, ಎರಡೂ ಕಡೆ ಕಾಲಿಟ್ಟು ಹತ್ತುವ ಹಲಗೆ, ಮುಂದೆ ಕಪ್ಪೆಯ ಕಣ್ಣಿನಂಥ ದೀಪಗಳು. ಅತ್ತೆಯ ಮದುವೆ ಗೊತ್ತಾದಾಗ ಆಕೆಯ ಮಾವ ಅದನ್ನು ಮದರಾಸಿನಿಂದ ರೈಲಿನಲ್ಲಿ ತರಿಸಿದರಂತೆ. ಆದೋನಿಯ ಗೂಡ್ಸ್ ಷೆಡ್ಡಿನಲ್ಲಿ ಹೊದಿಕೆ ತೆಗೆದು ನೋಡಿದರೆ ಕಾರು ಕಡುಗಪ್ಪು. ಮಾವನವರು ಅದನ್ನು ಮುಟ್ಟಲೂ ಇಲ್ಲ. "ಹೊಸಾ ಸೊಸಿ ಕರೀ ಗಾಡ್ಯಾಗ ಮನಿ ತುಂಬಬೇಕೇನು?" ಎಂದವರೇ, ಸ್ಟೇಷನ್ನಿನಿಂದ ನೇರವಾಗಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವವರ ಓಣಿಗೆ ಅದನ್ನು ನೂಕಿಸಿದರು. ಹಸಿರು ಬಳಿಯಿರಿ ಎಂದಾಗ ಎಂಥ ಹಸಿರು ಎಂದು ಬಣ್ಣದವರು ಕೇಳಿದ್ದಕ್ಕೆ, ಮದುವೆಗೆಂದು ಸೊಸೆಯ ತವರಿನಲ್ಲಿ ತಂದಿಟ್ಟಿದ್ದ ಹಸಿರು ಬಳೆಗಳಲ್ಲಿ ಒಂದನ್ನು ತರಿಸಿ ಮಾದರಿಗೆ ಕೊಟ್ಟು ಕಳಿಸಿದರು. ಬಳೆಯನ್ನು ಬಿಸಿಲಿಗೆ ಹಿಡಿದು ನೋಡಿ, ಬಣ್ಣ ಕಲಸಿ, ಮತ್ತೆ ಹಿಡಿದು ನೋಡಿ ಬಳಿದರಂತೆ. ಬಣ್ಣ ಒಣಗಿದ ಮೇಲೆಯೇ ಪೂಜೆ, ಗಾಲಿಗೆ ನಿಂಬೆಹಣ್ಣು, ಮನೆಗೆ ಪ್ರವೇಶ. ಕಪ್ಪಾಗಿದ್ದ ಆ ಕಾರು ಆದೋನಿಯ ಬೀದಿಯಲ್ಲಿ ಒಂದು ಗಜವೂ ತಾನಾಗಿ ಓಡಿರಲಿಲ್ಲ.

ಈ ಕಥೆಯನ್ನು ನಾನು ಅತ್ತೆಯ ಬಾಯಿಂದಲೇ ಕೇಳಿದ್ದು. ಆಕೆ ಅಂದು ಇನ್ನೂ ತವರಿನಲ್ಲಿದ್ದಳು, ಗೂಡ್ಸ್ ಷೆಡ್ಡಿಗೆ ಹೋಗಿರಲಿಲ್ಲ. ಅಂದರೆ ಆಕೆಗೂ ಅದು ಯಾರೋ ಹೇಳಿದ ಕಥೆಯೇ. ಆದರೆ ಬಳೆ ಆಕೆಯದು. ಒಂದು ಬಳೆಯನ್ನು ಇಸಿದುಕೊಂಡು ಹೋದದ್ದು, ಅದು ಬಣ್ಣದ ಕಲೆಯೊಂದಿಗೆ ವಾಪಸು ಬಂದದ್ದು, ಅದನ್ನೇ ಮೊದಲು ಕೈಗೆ ಏರಿಸಿದ್ದು, ಇವು ಆಕೆ ಕಂಡವು. ಗಂಡ ಸತ್ತ ದಿನ ಆ ಬಳೆಗಳಿಗೆ ಏನಾಯಿತು ಎಂದು ಬರೆಯಬೇಕಾಗಿಲ್ಲ. ನಾನು ಕಂಡ ಅತ್ತೆಯ ಕೈ ಬರಿದು. ಸೀರೆ ಬಿಳಿ, ಇಲ್ಲವೇ ತೊಳೆದು ತೊಳೆದು ಬಣ್ಣ ಹೋದ ಕಾವಿ. ಹಸಿರು ಖಣ ಆಕೆಗೆ ಯಾರೂ ಕೊಡುವಂತಿರಲಿಲ್ಲ. ಹಸಿರು ಆಕೆಗೆ ಉಳಿದದ್ದು ಕಾರಿನಲ್ಲಿ ಮಾತ್ರ. ವಿಧವೆಯ ಕಾರು ಯಾವ ಬಣ್ಣದ್ದಿರಬೇಕು ಎಂದು ಯಾವ ಹಿರಿಯರೂ ನಿಯಮ ಮಾಡಿರಲಿಲ್ಲ.

ಪ್ರತಿ ಶುಕ್ರವಾರ ಅದನ್ನು ತಾನೇ ಒರೆಸುತ್ತಿದ್ದಳು. ಮೊದಲು ಒದ್ದೆ ಬಟ್ಟೆ, ಆಮೇಲೆ ಜಿನ್ನಿಂಗ್ ಮಿಲ್ಲಿನಿಂದ ತರಿಸಿದ ಹತ್ತಿ. ಬಾನೆಟ್ಟಿನ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ ಕಚ್ಚಿಕೊಂಡು ಕಲೆಯಾದಲ್ಲಿ ಮಾತ್ರ ಕೈ ಹಗುರ ಮಾಡುತ್ತಿದ್ದಳು. ಒರೆಸಿ ಮುಗಿದ ಮೇಲೆ ಹಿಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಒಳಗೆ ಬರುತ್ತಿದ್ದಳು. ಊರಲ್ಲಿ ಮದುವೆಯಾದರೆ ಹೆಣ್ಣಿನ ಮೆರವಣಿಗೆಗೆ ಹಸಿರು ಕಾರು ಬೇಕೇ ಬೇಕು. ಗೋನೆಗಂಡ್ಲದಿಂದಲೂ ಕೇಳಿಕೊಂಡು ಬರುತ್ತಿದ್ದರು. "ನಿಮ್ಮ ಗಾಡಿ ಕೊಡ್ರಿ, ಲಕ್ಷಣ ಐತಿ" ಎನ್ನುತ್ತಿದ್ದರು. ಚಿಕ್ಕಪ್ಪ ಓಡಿಸಿಕೊಂಡು ಹೋಗುತ್ತಿದ್ದರು. ಕಾರನ್ನು ಕರೆಯುತ್ತಿದ್ದರು, ಅತ್ತೆಯನ್ನು ಕರೆಯುತ್ತಿರಲಿಲ್ಲ. ಕರೆದರೂ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ. ಮದುವೆಯ ಮುಂಜಾನೆ ಎದ್ದು ಆ ಕಾರನ್ನು ಹೊಳೆಯುವಂತೆ ಒರೆಸಿ ಬೇರೆ ಹೆಣ್ಣುಮಕ್ಕಳಿಗಾಗಿ ಕಳಿಸಿಕೊಡುತ್ತಿದ್ದವಳ ಮುಖ ನನಗೆ ನೆನಪಿದೆ. ಅದರಲ್ಲಿ ದುಃಖವಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಇತ್ತೋ ಇಲ್ಲವೋ ತಿಳಿಯದು. ಒರೆಸುವುದರಲ್ಲೇ ಆಕೆಯ ಗಮನ ಇರುತ್ತಿತ್ತು.

ಇಂಥ ಕಾರನ್ನು ಪರೀಕ್ಷೆಗೆ ಒಡ್ಡುವ ಯೋಚನೆ ಬಂದದ್ದು ಚಿಕ್ಕಪ್ಪನಿಗೆ. ಆ ವರ್ಷ ಹತ್ತಿ ಪ್ರದರ್ಶನದ ಜೊತೆ ಮಿಲ್ಲುಗಳ ಕೆಲವು ಮಾಲೀಕರು ಸೇರಿ ಹಳೆ ಮೋಟಾರುಗಳ ಸ್ಪರ್ಧೆ ಇಟ್ಟರು. ಮದರಾಸಿನಿಂದ ಒಬ್ಬ ಪರೀಕ್ಷಕ ಬಂದ. ತಲೆಗೆ ಹ್ಯಾಟು, ಬಾಯಿಗೆ ಇಂಗ್ಲಿಷ್. ಕಾಲೇಜಿನಿಂದ ರಜೆಗೆ ಬಂದಿದ್ದ ನನ್ನನ್ನು ಮಾತು ದಾಟಿಸಲು ನಿಲ್ಲಿಸಿದರು. ಅತ್ತೆ ಸೆರಗು ಹೊದ್ದು ಕಾರಿನ ಹಿಂದೆ ನಿಂತಿದ್ದಳು.

ಆತ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಎಂಜಿನ್ನಿನ ನಂಬರು ನೋಡಿದ, ದೀಪ ನೋಡಿದ, ತಲೆದೂಗಿದ. ಆಮೇಲೆ ಹಿಂಬಾಗಿಲು ತೆಗೆದು, ಜೇಬಿನಿಂದ ಚಾಕು ತೆಗೆದು, ಬಾಗಿಲ ಅಂಚಿನಲ್ಲಿ ಕೆರೆದ. ಕೇಳದೆ ಕೆರೆದ. ಉಗುರಿನಷ್ಟು ಜಾಗದಲ್ಲಿ ಹಸಿರು ಎದ್ದು ಕೆಳಗಿನ ಕಪ್ಪು ಕಂಡಿತು. ಇದು ಕಂಪೆನಿಯ ಬಣ್ಣವಲ್ಲ, ಆ ವರ್ಷ ಆ ಕಂಪೆನಿ ಕಪ್ಪು ಬಿಟ್ಟರೆ ಬೇರೆ ಬಣ್ಣವನ್ನೇ ಬಳಿದಿಲ್ಲ, ಆದ್ದರಿಂದ ಇದು ಮೂಲ ಸ್ಥಿತಿಯಲ್ಲಿಲ್ಲ ಎಂದ. ನಾನು ಅತ್ತೆಗೆ ಹೇಳಿದೆ.

"ಕಂಪೆನಿ ಬಳದಿಲ್ಲ, ಖರೆ," ಎಂದಳು ಅತ್ತೆ. "ನಮ್ಮ ಮಾವ ಬಳಿಸ್ಯಾರ. ಅದರಾಗ ಮುಚ್ಚಿಡೋದು ಏನೈತಿ? ಬಳಿ ಕೊಟ್ಟು ಕಳಿಸಿದ್ದು ಹೇಳು ಅವರಿಗೆ."

ಹೇಳಿದೆ. ಆತ ಕೊನೆಯವರೆಗೆ ಕೇಳಿದ. ಚೆನ್ನಾಗಿದೆ, ಆದರೆ ಕಥೆಗೆ ಅಂಕವಿಲ್ಲ ಎಂದ. ನಿಜವಾಗಿ ಇದೇ ಮಾತು ಅಂದನೇ, ಅಥವಾ ವರ್ಷಗಟ್ಟಲೆ ಹೇಳಿ ಹೇಳಿ ನಾನೇ ಆತನ ಬಾಯಿಗೆ ಇದನ್ನು ಹಾಕಿದೆನೇ? ಅಂಥದ್ದೇ ಏನೋ ಅಂದ. ಅತ್ತೆಯ ಉತ್ತರ ಮಾತ್ರ ನನ್ನ ಕಲ್ಪನೆಯಲ್ಲ.

"ಕಥಿ ಹೇಳಾಕ ನಾ ಏನು ಅವನ ಅಜ್ಜೀನಾ? ಟೈರು ಹೋದ ವರ್ಷ ಹಾಕಿದ್ದು ಅಂತ ಹೇಳವನಿಗೆ. ಟಾಪು ನಮ್ಮ ಓಣಿ ದರ್ಜಿ ಹೊಲದದ್ದು. ಸೀಟಿನಾಗ ನಮ್ಮೂರ ಮಿಲ್ಲಿನ ಹತ್ತಿ ತುಂಬೈತಿ. ಅದಕ್ಕೆಲ್ಲಾ ಏನೂ ಅನ್ನವಲ್ಲ. ಬಣ್ಣದ ಮ್ಯಾಲ ಯಾಕ ಇವನ ಕಣ್ಣು?"

ಅದನ್ನೂ ದಾಟಿಸಿದೆ. ಸವೆಯುವ ವಸ್ತುಗಳನ್ನು ಬದಲಿಸಬಹುದು, ಅದಕ್ಕೆ ನಿಯಮದಲ್ಲಿ ಅವಕಾಶವಿದೆ ಎಂದು ಆತ ಕೈಯಲ್ಲಿದ್ದ ಹಾಳೆಯ ಮೇಲೆ ಗೀಟು ಎಳೆದು ಮುಂದಿನ ಕಾರಿಗೆ ಹೋದ.

ಇಂದಿಗೂ ನನಗೆ ಈ ನಿಯಮ ಗಂಟಲಿಳಿಯುವುದಿಲ್ಲ. ನೆಲ ಮುಟ್ಟುವ ಗಾಲಿ ಬೇರೆಯದಾಗಬಹುದು, ಮೈ ಮುಟ್ಟುವ ಸೀಟು ಬೇರೆಯದಾಗಬಹುದು, ಆದರೆ ಬಣ್ಣ ಮಾತ್ರ ಸಮುದ್ರದಾಚೆಯ ಕಾರ್ಖಾನೆಯಲ್ಲಿ ಯಾರೋ ಬಳಿದದ್ದೇ ಆಗಿರಬೇಕು. ಆ ಕಪ್ಪನ್ನು ಆರಿಸಿದವರು ಯಾರು? ಬೇಗ ಒಣಗುತ್ತದೆ ಎಂದು ಕಂಪೆನಿ ಆರಿಸಿತು ಎಂದು ಆಮೇಲೆ ಎಲ್ಲೋ ಓದಿದೆ. ನಿಜವೋ ಸುಳ್ಳೋ. ಅವಸರಕ್ಕೆ ಬಳಿದದ್ದು ಮೂಲ, ಒಬ್ಬ ಹೆಣ್ಣಿನ ಬಳೆ ಹಿಡಿದು ಹೊಂದಿಸಿ ಬಳಿದದ್ದು ಕಲಬೆರಕೆ. ಅಂದು ಮೊದಲ ಬಹುಮಾನ ಬಂದದ್ದು ಒಬ್ಬ ಮಿಲ್ ಮಾಲೀಕರ ಕಪ್ಪು ಕಾರಿಗೆ. ಅದನ್ನು ನಾಲ್ಕು ಜನ ಕೂಲಿಗಳು ನೂಕಿಕೊಂಡು ಮೈದಾನಕ್ಕೆ ತಂದಿದ್ದರು. ಷೆಡ್ಡಿನಲ್ಲಿ ನಿಂತೇ ಇದ್ದುದರಿಂದ ಅದರ ಬಣ್ಣ ಹಾಗೇ ಉಳಿದಿತ್ತು. ಅದರಲ್ಲಿ ಯಾವ ಮದುಮಗಳೂ ಕೂತಿರಲಿಲ್ಲ.

ಅತ್ತೆ ಮನೆಗೆ ಬಂದು ಕೈಕಾಲು ತೊಳೆದು ಅಡುಗೆಗೆ ಹೋದಳು. ಆಕೆಯ ಮಟ್ಟಿಗೆ ಅದು ಅಲ್ಲಿಗೇ ಮುಗಿಯಿತು. ಮುಗಿಯದಿದ್ದುದು ಚಿಕ್ಕಪ್ಪನಿಗೆ. ಅದಕ್ಕೆ ಹತ್ತಿ ಪೇಟೆಯ ರೀತಿ ತಿಳಿದಿರಬೇಕು. ಅಲ್ಲಿ ದಲ್ಲಾಳಿಯ ಬದುಕು ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಅಂಡಿಗೆಯ, ಅಂದರೆ ಹತ್ತಿ ತುಂಬುವ ದೊಡ್ಡ ಚೀಲದ, ಬಾಯಲ್ಲಿ ಒಳ್ಳೆಯ ಹತ್ತಿ ಇಟ್ಟು ಒಳಗೆ ಕೀಳು ಹತ್ತಿ ತುಂಬಿದ ಎಂಬ ಮಾತು ಒಮ್ಮೆ ಹುಟ್ಟಿದರೆ ಆತನ ಅಂಗಡಿಗೆ ಗಾಡಿ ಬರುವುದಿಲ್ಲ. ಪರೀಕ್ಷಕ ಚಾಕುವಿನಿಂದ ಕೆರೆದದ್ದನ್ನು ಪೇಟೆಯವರೆಲ್ಲ ನಿಂತು ನೋಡಿದ್ದರು. ಅವರು ಅಂಡಿಗೆಗೆ ಕೊಕ್ಕೆ ಹಾಕಿ ಒಳಗಿನ ಹತ್ತಿ ಎಳೆದು ನೋಡುವುದೂ ಹಾಗೆಯೇ.

ಮರುದಿನ ನಾನು ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದಾಗ ಎದುರಂಗಡಿಯವರು ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದರು.

"ಏಮಯ್ಯಾ, ಪೈನ ಪಚ್ಚ, ಲೋಪಲ ನಲುಪು," ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಹೊರಳಿದರು. "ಮ್ಯಾಲೆ ಹಸಿರು, ಒಳಗ ಕರಿ. ನಿಮ್ಮ ಅಂಡಿಗಿ ಕಥಿನೂ ಹಿಂಗ ಏನ್ರಿ ಮತ್ತ?"

ಚಿಕ್ಕಪ್ಪ ಹತ್ತಿಯ ಎಳೆಯನ್ನು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು ನೋಡುತ್ತಿದ್ದರು. "ಕೊಕ್ಕಿ ಹಾಕಿ ನೋಡ್ರಿ, ಬ್ಯಾಡ ಅಂದವ್ರು ಯಾರು," ಎಂದರು. ಎದುರಿನವರು ನಕ್ಕರು. ಅದು ತಮಾಷೆ. ಆದರೆ ಚಿಕ್ಕಪ್ಪ ಅಂದು ಡಬ್ಬಿ ಮುಟ್ಟಲಿಲ್ಲ.

ರಜೆ ಮುಗಿದು ನಾನು ಹೊರಟುಹೋದೆ. ಮತ್ತೆ ಬಂದದ್ದು ಮುಂದಿನ ಬೇಸಿಗೆಗೆ, ಪ್ರದರ್ಶನಕ್ಕೆ ಕೆಲವು ದಿನ ಮೊದಲು. ಅತ್ತೆ ಮನೆಯಲ್ಲಿರಲಿಲ್ಲ. ನೆಂಟರ ಮನೆಯ ತೊಟ್ಟಿಲಿಗೆಂದು ಪತ್ತಿಕೊಂಡಕ್ಕೆ ಹೋಗಿದ್ದಾಳೆ ಎಂದರು. ನನ್ನ ಕಣ್ಣ ಮುಂದಿರುವ ಚಿತ್ರ ಹೀಗಿದೆ: ಅಂಗಳದಲ್ಲಿ ಕಾರು, ಇಬ್ಬರು ಕೂತು ಉಪ್ಪು ಕಾಗದದಿಂದ ಅದರ ಮೈ ತಿಕ್ಕುತ್ತಿದ್ದಾರೆ, ನೆಲದ ಮೇಲೆಲ್ಲ ಹಸಿರು ಪುಡಿ, ಅದರಲ್ಲಿ ಕೋಳಿಗಳು ಓಡಾಡಿ ಹಸಿರು ಹೆಜ್ಜೆ ಮೂಡಿಸುತ್ತಿವೆ. ಚಿಕ್ಕಪ್ಪ ಹೇಳುವ ಪ್ರಕಾರ ಕಾರನ್ನು ಅಂಗಳದಲ್ಲಿ ತಿಕ್ಕಿಸಲೇ ಇಲ್ಲ, ಸ್ಟೇಷನ್ ಹತ್ತಿರದ ಷೆಡ್ಡಿಗೆ ಕಳಿಸಿದ್ದರು, ನಾನು ಬರುವಷ್ಟರಲ್ಲಿ ಕಪ್ಪು ಬಳಿದು ಆಗಿತ್ತು. ಹಾಗಾದರೆ ನಾನು ನೋಡಿದ ಪುಡಿ ಯಾವುದು? ನಮ್ಮ ಮನೆಯಲ್ಲಿ ಕೋಳಿ ಸಾಕಿದ್ದೆವೇ ಎಂಬುದೂ ಈಗ ನನಗೆ ಖಾತ್ರಿಯಿಲ್ಲ. ಕಣ್ಣಾರೆ ಕಂಡ ಅನ್ಯಾಯಕ್ಕಿಂತ ಕೇಳಿದ ಅನ್ಯಾಯಕ್ಕೆ ಸಿಟ್ಟು ಕಡಿಮೆಯೆಂದು ಭಾವಿಸಿ, ಮನಸ್ಸೇ ನನ್ನನ್ನು ಅಂಗಳದಲ್ಲಿ ನಿಲ್ಲಿಸಿರಬಹುದು.

ಅತ್ತೆ ಮರಳಿದ್ದನ್ನು ಮಾತ್ರ ನಾನು ಕಂಡೆ. ಚಿಕ್ಕಪ್ಪ ಬಾಗಿಲಲ್ಲೇ ಇದ್ದರು. ಬಸ್ಸಿನ ಧೂಳು ಮೆತ್ತಿದ ಸೀರೆಯಲ್ಲಿ, ಕೈಯಲ್ಲಿ ಚೀಲ ಹಿಡಿದು ಆಕೆ ಅಂಗಳಕ್ಕೆ ಬಂದು ನಿಂತಳು. ಕಾರು ಕನ್ನಡಿಯಂತೆ ಕರ್ರಗೆ ಹೊಳೆಯುತ್ತಿತ್ತು. ಬಾನೆಟ್ಟಿನ ಮೇಲಿನ ಅರಿಶಿನ ಕುಂಕುಮದ ಕಲೆಯೂ ಇರಲಿಲ್ಲ.

"ಯಾರ ಗಾಡಿ ಬಂದೈತಿ?" ಎಂದಳು.

"ಯಾರದು ಅಂದ್ರ? ನಿಂದ ಅಕ್ಕ," ಎಂದರು ಚಿಕ್ಕಪ್ಪ. "ಈ ಸಲ ಯಾವನೂ ಬೆರಳು ಮಾಡಬಾರದು, ಹಂಗ ಮಾಡ್ಸೀನಿ."

"ನಂದಾ?" ಅತ್ತೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ಚಲೋ ಆಗೈತಿ. ಬ್ಯಾರೆಯವ್ರದು ಅನಕೊಂಡೆ."

ಒಳಗೆ ಹೋದಳು. ಬೈಯಲಿಲ್ಲ, ಅಳಲಿಲ್ಲ. ನಾನು ಹಿಂದೆಯೇ ಹೋಗಿ "ಅತ್ತಿ, ನಿನಗ ಹೇಳಿದ್ರೇನು?" ಎಂದು ಕೇಳಿದೆ. "ಬಿಸಿಲಾಗ ಬಂದೀನಿ, ಮೊದಲು ನೀರು ಕೊಡು," ಎಂದಳು. ನೀರು ಕೊಟ್ಟೆ. ಆಮೇಲೆ ಆಕೆ ತೊಟ್ಟಿಲ ಸುದ್ದಿ ಹೇಳತೊಡಗಿದಳು. ಮುಂದಿನ ಶುಕ್ರವಾರ ಕಾರನ್ನು ಒರೆಸಲು ಅಂಗಳಕ್ಕೆ ಇಳಿಯಲಿಲ್ಲ.

ಎರಡನೆಯ ಸಲ ಮೈದಾನಕ್ಕೆ ಅತ್ತೆ ಬರಲಿಲ್ಲ. ಪರೀಕ್ಷಕ ಬೇರೆಯವನು, ವಯಸ್ಸಿನಲ್ಲಿ ಚಿಕ್ಕವನು, ಹ್ಯಾಟಿಲ್ಲ. ಚಿಕ್ಕಪ್ಪ ಬಿಳಿ ಕೋಟು ಹಾಕಿ ಕಾರಿನ ಪಕ್ಕ ನಿಂತಿದ್ದರು. ಪೇಟೆಯವರೂ ಇದ್ದರು. ಈತ ಬಣ್ಣದ ಮೇಲೆ ಅಂಗೈ ಆಡಿಸಿ, ಇದು ಹೊಸದು, ತಿಂಗಳೂ ಆಗಿಲ್ಲ ಎಂದ. ಬಗ್ಗಿ ಬಾಗಿಲ ಕೀಲನ್ನು ನೋಡಿದ. ಉಪ್ಪು ಕಾಗದ ತಲುಪದ ಆ ಸಂದಿಯಲ್ಲಿ ಒಂದು ಗೆರೆ ಹಸಿರು ಉಳಿದುಬಿಟ್ಟಿತ್ತು. ಇದೇನು ಎಂದು ನನ್ನನ್ನು ಕೇಳಿದ. ಬಳೆಯ ವಿಷಯ ಮತ್ತೆ ಹೇಳಿದೆ. ಈ ಸಲ ಸಿಟ್ಟಿನಿಂದಲೇ ಹೇಳಿದೆ.

ಆತನಿಗೆ ನಿಜಕ್ಕೂ ಬೇಸರವಾಯಿತು. ಕಾರು ಊರಿಗೆ ಬಂದ ಮೊದಲ ವಾರ ಬಳಿದ ಬಣ್ಣ ಕಾರಿನ ಬದುಕಿಗೆ ಸೇರಿದ್ದು, ಅದನ್ನು ಮುಟ್ಟಬಾರದಿತ್ತು, ಅದು ಇದ್ದಿದ್ದರೆ ಹೆಚ್ಚು ಅಂಕ ಕೊಡುತ್ತಿದ್ದೆ ಎಂದ. ಯಾಕೆ ತೆಗೆಸಿದಿರಿ ಎಂದು ಕೇಳಿದ. ಬಹಳ ಮರ್ಯಾದೆಯಿಂದಲೇ ಕೇಳಿದ.

"ಏನಂತಾನ?" ಎಂದರು ಚಿಕ್ಕಪ್ಪ.

ಒಂದು ಮಾತೂ ಬಿಡದೆ ಹೇಳಿದೆ. ಅವರು ಕೋಟಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿಕೊಂಡರು.

"ಹ್ವಾದ ವರ್ಷದಾವ ಹಂಗಂದ, ಇವ ಹಿಂಗಂತಾನ. ಇವರ ಹತ್ರ ತೂಕದ ಕಲ್ಲು ಒಂದ ಇಲ್ಲೇನು? ನಮ್ಮ ಪ್ಯಾಟ್ಯಾಗ ಹಿಂಗ ಮಾಡಿದ್ರ ಅಂಗಡಿ ಬಾಗಿಲು ಹಾಕಿಸ್ತಿದ್ರು."

ಚಿಕ್ಕಪ್ಪ ಹೇಳಿದ್ದರಲ್ಲಿ ತಪ್ಪೇನಿಲ್ಲ. ಒಂದು ವರ್ಷ ಮೂಲವಲ್ಲದ್ದು ಮರುವರ್ಷ ಮೂಲಕ್ಕಿಂತ ಹೆಚ್ಚಾಗುವುದಾದರೆ ಆ ಅಂಕಕ್ಕೆ ಏನು ಬೆಲೆ? ಹ್ಯಾಟಿನವನು ಒರಟ, ಹ್ಯಾಟಿಲ್ಲದವನು ಸಜ್ಜನ. ಇಬ್ಬರೂ ಬಂದರು, ನೋಡಿದರು, ಅಂಕ ಬರೆದು ಸಂಜೆಯ ರೈಲು ಹತ್ತಿ ಹೋದರು. ಇಬ್ಬರಲ್ಲಿ ಯಾರ ಹಾಳೆಯಲ್ಲೂ ಕಾರು ಯಾರದು ಎಂದು ಕೇಳುವ ಜಾಗವಿರಲಿಲ್ಲ. ಆದರೆ ಅವರು ಹೊರಗಿನವರು. ಅವರ ಮೇಲಿನ ನನ್ನ ಸಿಟ್ಟು ನನಗೆ ಸುಲಭವಾಗಿತ್ತು, ಅದಕ್ಕೇ ಅದನ್ನು ಇಷ್ಟು ವರ್ಷ ಸಾಕಿಕೊಂಡೆ. ಚಿಕ್ಕಪ್ಪನ ಮೇಲಿನದು ಕಷ್ಟದ್ದು. ನನ್ನನ್ನು ಓದಿಸಿದವರು ಅವರು. ಹೆಣ್ಣುಮಗಳನ್ನು ಹಾಸ್ಟೆಲಿಗೆ ಕಳಿಸುವುದೇ ಎಂದವರ ಬಾಯಿ ಮುಚ್ಚಿಸಿದವರು. ಅಕ್ಕನನ್ನು ಒಂದು ದಿನವೂ ಹಸಿದಿರಲು ಬಿಡದವರು. ಅಂಥವರಿಗೆ ಪೇಟೆಯ ಒಂದು ತಮಾಷೆ ಅಕ್ಕನ ಬಣ್ಣಕ್ಕಿಂತ ದೊಡ್ಡದಾಯಿತು. ಸೋತದ್ದನ್ನೂ ಅವರು ತಮ್ಮ ಸೋಲೆಂದೇ ತಿಳಿದರು. ಬಹಳ ದಿನ ಮಂಕಾಗಿದ್ದರು, ಮನೆಯವರೆಲ್ಲ ಅವರನ್ನು ಸಮಾಧಾನ ಮಾಡಿದರು. ಅತ್ತೆಯೂ ಮಾಡಿದಳು. "ಹೋಗ್ಲಿ ಬಿಡೋ, ತಗಡು ಅದು," ಎಂದು ಬಿಸಿ ರೊಟ್ಟಿ ಬಡಿಸಿದಳು.

ಆಮೇಲೆ ಮದುವೆಗೆ ಕಾರು ಕೇಳಲು ಯಾರೂ ಬರಲಿಲ್ಲ. ಕಪ್ಪು ಕಾರಿನಲ್ಲಿ ಹೆಣ್ಣನ್ನು ಯಾರು ಕೂಡಿಸುತ್ತಾರೆ? ಕೆಲವು ವರ್ಷ ನಿಂತಿದ್ದು, ಕೊನೆಗೆ ಅದು ಹಳೆಯ ಕಾರು ಕೂಡಿಡುವ ಯಾರದೋ ಷೆಡ್ಡಿಗೆ ಹೋಯಿತು. ಅತ್ತೆ ಹೋಗಿಯೂ ಬಹಳ ಕಾಲವಾಯಿತು. ನನ್ನ ಬಳಿ ಕಾರಿನ ಎರಡು ಫೋಟೋಗಳಿವೆ, ಎರಡೂ ಸ್ಪರ್ಧೆಗಳಲ್ಲಿ ತೆಗೆದವು. ಮೊದಲನೆಯದರಲ್ಲಿ ಹಸಿರು, ಎರಡನೆಯದರಲ್ಲಿ ಕಪ್ಪು. ಕಪ್ಪು-ಬಿಳುಪು ಫೋಟೋದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಗೊತ್ತಿಲ್ಲದವರಿಗೆ ತೋರಿಸಿದರೆ ಒಂದೇ ದಿನ ತೆಗೆದದ್ದು ಎನ್ನುತ್ತಾರೆ.

ಚಿಕ್ಕಪ್ಪನಿಗೆ ಈಗ ಬಹಳ ವಯಸ್ಸಾಗಿದೆ, ಆದರೆ ಮಾತು ಸ್ಪಷ್ಟ. ಕಳೆದ ತಿಂಗಳು ಆದೋನಿಗೆ ಹೋಗಿದ್ದಾಗ ಆ ಫೋಟೋಗಳನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು.

"ಇದನ್ನ ಬರಿಯಾಕ ಹತ್ತೀಯಂತ? ಬರಿ. ಆದ್ರ ಖರೆ ಬರಿ. ಅಕ್ಕನ್ನ ಕೇಳದ ಮಾಡಿಲ್ಲ ನಾ."

"ಕೇಳಿದ್ರೇನು?"

"ಕೇಳೀನಿ. ಊರಿಗೆ ಹೋಗೂ ಮುಂಚೆ, ಇದ ಕಟ್ಟಿ ಮ್ಯಾಲ ಕುಂತು. ಹ್ಞೂಂ ಅಂದ್ಲು. ಆಕಿ ಹ್ಞೂಂ ಅಂದ ಮ್ಯಾಲ ಮಾಡ್ಸಿದ್ದು."

ಕೇಳಿರಬಹುದು. ನಾನು ಅಲ್ಲಿರಲಿಲ್ಲ. ಆಕೆ ಹ್ಞೂಂ ಅಂದಿರಲೂಬಹುದು. ತಮ್ಮನ ಅನ್ನ ಉಣ್ಣುವ ವಿಧವೆ ಮತ್ತೇನು ಅನ್ನುತ್ತಿದ್ದಳು ಎಂದು ನಾನು ವಾದಿಸಬಲ್ಲೆ. ಆದರೆ ಅದು ಆಕೆಯ ಮಾತನ್ನು ನಾನೂ ಕೆರೆದು ನನಗೆ ಬೇಕಾದ ಬಣ್ಣ ಹುಡುಕಿದಂತೆ. ಅತ್ತೆಗೆ ನಿಜವಾಗಿಯೂ ಆ ಹಸಿರು ಅಷ್ಟು ಬೇಕಾಗಿರಲಿಲ್ಲವೇ? ಇದೆಲ್ಲ ನಾನು ಕಟ್ಟಿಕೊಂಡದ್ದೇ? ವಾದ ಮಾಡಲಿಲ್ಲ. ನನಗೆ ಖಚಿತವಾಗಿ ಗೊತ್ತಿರುವ ಒಂದನ್ನು, ಅವರಿಗೂ ಗೊತ್ತಿರುವ ಒಂದನ್ನು ಮಾತ್ರ ಕೇಳಿದೆ. ಅವರು ಫೋಟೋಗಳನ್ನು ಮಡಿಲಲ್ಲಿಟ್ಟುಕೊಂಡು ಬೀದಿಯ ಕಡೆ ನೋಡಿದರು. ಊಟಕ್ಕೆ ಕರೆದಾಗ ಎದ್ದು ಒಳಗೆ ಹೋದರು. ಹೊರಡುವಾಗ ಕಾಲಿಗೆ ನಮಸ್ಕರಿಸಿ ಮತ್ತೊಮ್ಮೆ ಕೇಳಿದೆ, ತಲೆಯ ಮೇಲೆ ಕೈಯಿಟ್ಟರು, ಅಷ್ಟೆ. ನಾನು ಕೇಳಿದ್ದು ಇಷ್ಟು:

"ಅತ್ತಿ ಹ್ಞೂಂ ಅಂದಿದ್ಲು ಅಂದ್ರ, ಚಿಕ್ಕಪ್ಪಾ, ಆಮ್ಯಾಲ ಕಾರು ಮನಿ ಬಿಡೂತನಕ ಆಕಿ ಒಂದ ಸಲಾನೂ ಆ ಕಾರಿನ್ಯಾಗ ಯಾಕ ಕೂಡಲಿಲ್ಲ?"